ನೀರಿಗೆ ಬಿದ್ದ ಹುಡುಗಿ

ಬಾಜೊ ಕೇರಿ ಶಾಲೆ, ಸುಲಾವೆಸಿ
ಸೋಮವಾರ

ಟ್ಯಾಬ್ಲೆಟ್ ಪಾಠ ತಯಾರಿಸುವ ಇಬು ವುಲಾನ್ ಅವರಿಗೆ, ಹಾಸ್ನಿಯಾ ಟೀಚರ್ ಮಾಡುವ ನಮಸ್ಕಾರಗಳು.

ಮಕ್ಕಳು ಮುಂದುವರಿಯುತ್ತಿಲ್ಲ, ಶುಕ್ರವಾರದ ದೋಣಿಯಲ್ಲಿ ಟ್ಯಾಬ್ಲೆಟ್‌ಗಳನ್ನು ವಾಪಸು ಕಳಿಸಿ ಎಂದು ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ನಮ್ಮ ಮಕ್ಕಳಿಗೆ ಓದಲು ಬರುತ್ತದೆ! ಹದಿನಾರು ಮಕ್ಕಳಿಗೂ ಬರುತ್ತದೆ!

ಮಗು ತಪ್ಪಿದರೆ ಪಾಠ ತಾನಾಗಿ ಹಿಂದಕ್ಕೆ ಹೋಗುತ್ತದೆಂದು ನೀವೇ ಹೇಳಿದ್ದಿರಿ. ಹಾಗೇ ಆಗಿದೆ. ಒಂಬತ್ತನೆಯ ಕಥೆಯಲ್ಲಿ ಹುಡುಗಿಯೊಬ್ಬಳು ನೀರಿಗೆ ಬೀಳುತ್ತಾಳೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ‘ಗೆಳೆಯರು ಏನು ಮಾಡಿದರು?’ ಎಂಬ ಪ್ರಶ್ನೆಗೆ ‘ಅತ್ತರು’ ಎಂಬುದನ್ನು ಬಿಟ್ಟು ಎಲ್ಲರೂ ‘ನಕ್ಕರು’ ಎಂದೇ ಒತ್ತಿದ್ದಾರೆ. ಕಥೆ ಅರ್ಥವಾಗಿಲ್ಲವೆಂದು ಟ್ಯಾಬ್ಲೆಟ್ ಅವರನ್ನು ಮತ್ತೆ ಅಕ್ಷರಮಾಲೆಗೆ ಕೂರಿಸಿದೆ. ಎರಡು ತಿಂಗಳಿಂದ ಇದೇ ಪಾಡು.

ಇವತ್ತು ಎರಡನೇ ತರಗತಿಯ ಸುಹೈನಾಳನ್ನು ಕೇಳಿದೆ, “ಯಾಕೇ ಹಾಗೆ ಒತ್ತಿದೆ?”

“ನೀರಿಗ್ ಬಿದ್ರೆ ನಗ್ದೆ ಅಳ್ತಾರಾ ಟೀಚರ್? ನಮ್ಮಜ್ಜಿ ಮೊನ್ನೆ ಮೀನಿನ ಬುಟ್ಟಿ ಸಮೇತ ಬಿದ್ಲು, ಅವ್ಳೇ ನಕ್ಕಿದ್ದು!” ಎಂದಳು. ಆಮೇಲೆ ಮುಖ ಸಣ್ಣದು ಮಾಡಿ, “ಆ ಹುಡ್ಗಿಗೆ ಈಜೋಕ್ ಬರಲ್ವಾ? ಅಯ್ಯೋ ಪಾಪ, ಯಾವೂರವ್ಳು?” ಎಂದಳು.

ಕಡಲಲ್ಲಿ ಕಂಬ ನೆಟ್ಟು ಮನೆ ಕಟ್ಟಿದ ಬಾಜೊ ಜನ ನಾವು, ಇಬು. ನಾನೂ ಈ ಕೇರಿಯವಳೇ. ಪ್ರಶ್ನೆ ಓದಿದಾಗ ನನಗೂ ನಗುವೇ ಬಂದಿತ್ತು. ಅದಕ್ಕೇ ಇಷ್ಟು ದಿನ ಪ್ರಶ್ನೆಯಲ್ಲಿನ ತಪ್ಪು ಕಾಣಲಿಲ್ಲ.

ಆ ಒಂದು ಪ್ರಶ್ನೆ ಬದಲಿಸಿ. ನಂಬಿಕೆ ಬಾರದಿದ್ದರೆ ಶುಕ್ರವಾರ ನೀವೇ ಬಂದು ಅವರ ಓದು ಕೇಳಿ. ಹಲಗೆ ದಾರಿಯಲ್ಲಿ ಮಾತ್ರ ನೋಡಿಕೊಂಡು ನಡೆಯಿರಿ. ಬಿದ್ದರೆ ಹದಿನಾರು ಮಕ್ಕಳೂ ನಗುತ್ತಾರೆ. ನಗುತ್ತಲೇ ನಿಮ್ಮನ್ನು ಎತ್ತಲು ಹದಿನಾರು ಮಕ್ಕಳೂ ಹಾರುತ್ತಾರೆ.

ನಿಮ್ಮ ದಾರಿ ಕಾಯುತ್ತಿರುವ,
ಹಾಸ್ನಿಯಾ