ಗಬ್ಬೂರಿನ ಗೇಟು

ಕಾಕಾ, ಹುಬ್ಬಳ್ಳಿಯಿಂದ ಡೆನ್ನಿಸನ ನಮಸ್ಕಾರ. ದಿವಾಳಿಯಾದ ಕಂಪನಿಗಳನ್ನು ಕೋರ್ಟಿನ ಆದೇಶದಂತೆ ವಹಿಸಿಕೊಳ್ಳುವ ಎಬಿನೇಜರ್ ಸಾಹೇಬರ ಕಾರು ಓಡಿಸುತ್ತಿದ್ದೆ. ಗಬ್ಬೂರಿನ ಫ್ಯಾಕ್ಟರಿಗೆ ಹೊಸ ಬೀಗ ಹಾಕಲು ಹೋದಾಗ ಅವರು ಗಟಾರಕ್ಕೆ ಬಿದ್ದು ಕಾಲು ಮುರಿದುಕೊಂಡರು. ಇಂಥ ಕೆಲಸಕ್ಕೆ ಪೊಲೀಸರನ್ನು ಜೊತೆಗೆ ಕಳಿಸುವ ಕಾನೂನು ಬೇಕೆಂದು ಅವರಂಥವರ ಸಂಘ ನಿನ್ನೆ ದಿಲ್ಲಿಯ ಅಧಿಕಾರಿಗಳನ್ನು ಇಲ್ಲಿನ ಹೋಟೆಲಿಗೆ ಕರೆಸಿತ್ತು.

"ಕೆಲಸಗಾರರು ನೂಕಿದ್ದನ್ನ ನೋಡೀಯಲ್ಲಾ, ಹೇಳೋ ತಮ್ಮಾ," ಎಂದು ಸಂಘದ ಕಾರ್ಯದರ್ಶಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಯಾರೂ ನೂಕಿಲ್ರಿ. ಹೆಣ್ಮಕ್ಕಳು ಗೇಟಿಗೆ ಅಡ್ಡ ಮಲಗಿದ್ರು. ಅವರನ್ನ ತುಳೀಬಾರದಂತ ಸಾಹೇಬ್ರು ಹಿಂದ ಸರಿಯಾಕ ಹೋಗಿ ಬಿದ್ರು," ಎಂದೆ.

ಸಾಹೇಬರು ಹೌದೆಂದು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಕಾರಿನ ಕೀಲಿ ಇಸಿದುಕೊಂಡರು.

ಈ ತಿಂಗಳು ಹಣ ಕಳಿಸಲಾರೆ. ನಿಮ್ಮ ಮಿಲ್ಲಿಗೂ ಬೀಗ ಹಾಕುವವರು ಬರುತ್ತಾರಂತೆ, ಜೊತೆಗೆ ಪೊಲೀಸರೂ ಇರಬಹುದು. ಕಾಕುವನ್ನು ಗೇಟಿಗೆ ಅಡ್ಡ ಮಲಗಲು ಬಿಡಬೇಡಿ. ಪೊಲೀಸರು ಹಿಂದೆ ಸರಿಯುವುದಿಲ್ಲ.

ಡೆನ್ನಿಸ್