ಗುಳಿಗೆ ಯಾವಾಗ ಶುರುಮಾಡಲಿ?

೧೨ ನವೆಂಬರ್ ೧೯೬೪, ಗುರುವಾರ. ಮಾಳಮಡ್ಡಿ.

ಬಲಗೈ ನಡುಕ ಪಾರ್ಕಿನ್ಸನ್ ರೋಗವೇ ಎಂದರು ಡಾಕ್ಟರು. ಗುಳಿಗೆ ನಡುಕವನ್ನು ತಗ್ಗಿಸೀತು, ಆದರೆ ಮರೆವು ತರಲೂಬಹುದಂತೆ. ಯಾವಾಗ ಶುರುಮಾಡುವುದೆಂದು ನನಗೇ ಬಿಟ್ಟರು. ಸಾಲೆಯಲ್ಲಿ ಪಾಠ ಹೇಳುವವನಿಗೆ ಮರೆವಿನದೇ ಭಯ. ಇನ್ನೊಂದು ವರ್ಷ ತಡೆಯೋಣವೆಂದುಕೊಂಡೇ ಮನೆಗೆ ಬಂದೆ.

ಹೆಂಡತಿ ಗೋದಾ ಎಲ್ಲ ಕೇಳಿ, "ನಿಮ್ಮ ದೋಸ್ತ ರಮಾಕಾಂತ ಅವರ ಮಗಳ ಲಗ್ನಕ್ಕ ನೀವು ಯಾಕ ಬರಲಿಲ್ಲ? ಖರೇ ಹೇಳ್ರಿ," ಎಂದಳು.

"ಪಂಕ್ತ್ಯಾಗ ಕೈ ನಡುಗಿ ಅನ್ನ ಚೆಲ್ತದಂತ."

"ಮಂದ್ಯಾಗ ಕೂಡೂದನ್ನ ಬಿಟ್ಟೀರಿ. ಇನ್ನ ಯಾತಕ್ಕ ಕಾಯ್ತೀರಿ? ಮರವು ಬಂದ್ರ ಡಾಕ್ಟರು ಗುಳಿಗಿ ಬಿಡಿಸ್ತಾರ."

ಸಣ್ಣ ನಡುಕವೆಂದುಕೊಂಡೇ ಎಷ್ಟೊಂದು ಬಿಟ್ಟುಬಿಟ್ಟಿದ್ದೆ!

ನಾಳೆ ಗುಳಿಗೆ ಶುರು. ಹೆದರಿಕೆಯಿದೆ, ಆದರೂ ಮನಸ್ಸು ಹಗುರಾಗಿದೆ. ಭಾನುವಾರ ಹೋಗಿ ರಮಾಕಾಂತನ ಅಳಿಯನನ್ನು ಮಾತನಾಡಿಸಬೇಕು. ಚದುರಂಗ ಚೆನ್ನಾಗಿ ಆಡುತ್ತಾನಂತೆ. ಕೈ ತಾಗಿ ನಾಲ್ಕು ಕಾಯಿ ಉರುಳಿದರೂ ಸರಿ, ಒಂದು ಆಟವನ್ನಾದರೂ ಆಡಬೇಕು.