ಕವಲಿನ ಬೋರ್ಡು

ಸೈಕಲ್ ಅಂಗಡಿ, ಅಣೆಕಟ್ಟಿನ ಗೇಟಿನ ಎದುರು
ಸೆಪ್ಟೆಂಬರ್ ೧೧, ಬೆಳಿಗ್ಗೆ ಆರೂವರೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಚಳಿ ಬಿದ್ದರೆ ಬಲಮಂಡಿ ಈಗಲೂ ಹಿಡಿದುಕೊಳ್ಳುತ್ತದಾ? ಬ್ರೆಡ್ಡಿನ ಕಾರ್ಖಾನೆಯಲ್ಲಿ ಒಲೆಯ ಪಕ್ಕದಲ್ಲೇ ನಿನ್ನ ಕೆಲಸ ಎಂದು ನಮಗೆ ಟೈರು ತಂದುಕೊಡುವವರು ಹೇಳಿದರು. ನಿನ್ನ ವಿಳಾಸ ಕೊಟ್ಟವರೂ ಅವರೇ. ಅವರ ಮೇಲೆ ಸಿಟ್ಟಾಗಬೇಡ, ಮೂರು ಸಲ ಟೀ ಕುಡಿಸಿ ನಾನೇ ಬಾಯಿ ಬಿಡಿಸಿದೆ. ಸೊರಗಿದ್ದೀಯಂತೆ, ಗಡ್ಡ ಬಿಟ್ಟಿದ್ದೀಯಂತೆ, ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತೀಯಂತೆ. ಗಡ್ಡ ಹಾಳಾಗಿ ಹೋಗಲಿ, ಬಸ್ಸು ಎಂದಾಗ ಮಾತ್ರ ನಿಜವಾ ಎಂದು ಎರಡೆರಡು ಸಲ ಕೇಳಿದೆ. ಅಂಗಡಿಯಿಂದ ಬಚ್ಚಲಿಗೂ ಸೈಕಲ್ಲಿನಲ್ಲೇ ಹೋಗುತ್ತಿದ್ದ ಪ್ರಾಣಿ ನೀನು. ಎರಡು ವರ್ಷದಿಂದ ಸೈಕಲ್ಲನ್ನು ಮುಟ್ಟಿಯೇ ಇಲ್ಲ ಎಂದರು. ಆ ಒಂದು ಮಾತನ್ನು ನಾನು ಅಪ್ಪನಿಗೆ ಹೇಳಿಲ್ಲ.

ಅಪ್ಪ ಇದ್ದಾರೆ. ಎರಡು ಊರುಗೋಲಿನ ಮೇಲೆ ಹಾಸಿಗೆಯಿಂದ ಕಿಟಕಿಯವರೆಗೆ ಬರುತ್ತಾರೆ, ಅಲ್ಲಿಂದ ಸಂಜೆಯವರೆಗೆ ಏಳುವುದಿಲ್ಲ. ಚಕ್ರ ಸರಿಮಾಡುವ ಸ್ಟ್ಯಾಂಡನ್ನು ಕುರ್ಚಿಯ ಎತ್ತರಕ್ಕೆ ಇಳಿಸಿಕೊಟ್ಟಿದ್ದೇನೆ. ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ, ಸದ್ದು ಕೇಳಿ ಬಿಗಿ ಮಾಡುತ್ತಾರೆ. ಮೂಗಿನ ತುದಿಯ ಕೋಪ ಮಾತ್ರ ಹಾಗೆಯೇ ಇದೆ, ಅದಕ್ಕೊಂದು ಪೆಟ್ಟೂ ಬೀಳಲಿಲ್ಲ. ಮೊನ್ನೆ ಯಾರೋ ಹೊಸ ಸೈಕಲ್ ತಂದರೆ, "ಚಕ್ರಾನಾ ಇದು? ಕುಡುಕನ ನಡಿಗೆ ಇದ್ದಂಗಿದೆ" ಎಂದು ಅವರ ಮುಖಕ್ಕೇ ಅಂದುಬಿಟ್ಟರು. ನಿನ್ನ ಹೆಸರೆತ್ತುವುದಿಲ್ಲ. ಆದರೆ ನಿನ್ನ ನೀಲಿ ಮಗ್ಗು ಇನ್ನೂ ಅದೇ ಮೊಳೆಯಲ್ಲಿ ತೂಗುತ್ತಿದೆ. ತೊಳೆದಿಟ್ಟರೆ ಯಾಕೆ ಮುಟ್ಟಿದೆ ಎಂದು ಬೈಯುತ್ತಾರೆ, ಧೂಳು ಹಿಡಿದರೆ ಮನೆ ನೋಡಿಕೊಳ್ಳೋ ರೀತಿನಾ ಇದು ಎಂದು ಬೈಯುತ್ತಾರೆ. ಅಮ್ಮ ಇದ್ದಿದ್ದರೆ ನಿಮ್ಮಿಬ್ಬರನ್ನೂ ಕಿವಿ ಹಿಡಿದು ಎದುರುಬದುರು ಕೂರಿಸುತ್ತಿದ್ದಳು. ನನಗೆ ಅಷ್ಟು ಯೋಗ್ಯತೆ ಇಲ್ಲ.

ಬೆಳಗಿನ ಸುತ್ತು ಈಗ ನನ್ನದು. ಹಿನ್ನೀರಿನ ಸುತ್ತಲಿನ ಸೈಕಲ್ ದಾರಿಯ ಇಪ್ಪತ್ತನಾಲ್ಕು ಕಿಲೋಮೀಟರನ್ನೂ ಒಬ್ಬಳೇ ಸುತ್ತಿ, ಬಿದ್ದ ಕೊಂಬೆ ಎಳೆದುಹಾಕಿ, ಕೊಚ್ಚಿಹೋದ ತಿರುವಿಗೆ ಕಲ್ಲಿಟ್ಟು ಬರುತ್ತೇನೆ. ಈ ತಿಂಗಳೆಲ್ಲ ಮಂಜು. ನೀರು ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯುವುದಿಲ್ಲ. ಬೇರುಗಳ ಮೇಲೆ ಹಿಂದಿನ ಚಕ್ರ ಜಾರುತ್ತದೆ, ಬ್ರೇಕಿನ ರಬ್ಬರು ವಾರಕ್ಕೊಂದು ಜೊತೆ ಸವೆಯುತ್ತದೆ. ನೀನು 'ಸೊಂಟಮುರುಕ' ಎಂದು ಹೆಸರಿಟ್ಟ ಏರು ನೆನಪಿದೆಯಾ? ನೀನು ಮೊದಲೇ ಹತ್ತಿ ಮೇಲೆ ಬಂಡೆಯ ಮೇಲೆ ಕಾಲು ಇಳಿಬಿಟ್ಟುಕೊಂಡು, "ಅಕ್ಕಾ, ಆಂಬುಲೆನ್ಸ್ ಕರೀಲಾ?" ಎಂದು ಕೂಗುತ್ತಿದ್ದೆ. ಈಗ ನಾನು ಕಾಲೂರದೆ ಪೂರ್ತಿ ಹತ್ತುತ್ತೇನೆ ಕಣೋ. ಹತ್ತಿ ಬಂಡೆಯ ಕಡೆ ನೋಡುತ್ತೇನೆ, ಯಾರೂ ಇರುವುದಿಲ್ಲ. ಸವಾರಿಗೆ ಬರುವವರೂ ಕಡಿಮೆಯಾಗಿದ್ದಾರೆ. ಹನ್ನೆರಡು ಬಾಡಿಗೆ ಸೈಕಲ್ಲಿನಲ್ಲಿ ಏಳು ಗೋಡೆಗೆ ನೇತುಬಿದ್ದಿವೆ, ಅವುಗಳ ಪಕ್ಕದಲ್ಲಿ ನಿನ್ನದೂ.

ಇನ್ನು ಸುದ್ದಿ. ನಿನ್ನೆ ಅಣೆಕಟ್ಟಿನ ಪಾರ್ಕಿನ ಸಾಹೇಬರು ನನ್ನನ್ನು ಕರೆದುಕೊಂಡು ಒಂಬತ್ತನೇ ಕಿಲೋಮೀಟರಿನ ಕವಲಿಗೆ ಹೋದರು. ಕೆಳದಾರಿಯನ್ನು ಇನ್ನು ಶಾಶ್ವತವಾಗಿ ಮುಚ್ಚುತ್ತಾರಂತೆ. ನೀರಿನಂಚಿನ ಆ ದಾರಿಗೆ ಎರಡು ವರ್ಷದಿಂದ ಸರಪಳಿ ಹಾಕಿದ್ದರಲ್ಲ, ಈಗ ಗಿಡ ನೆಡುತ್ತಾರಂತೆ. ಇನ್ನು ಬೇಸಿಗೆಯಲ್ಲೂ ಎಲ್ಲರಿಗೂ ಕಾಡೊಳಗಿನ ಮೇಲ್ದಾರಿಯೇ. ಹಾಗಾಗಿ ನಮ್ಮ ಬಾಣದ ಬೋರ್ಡು ಅಲ್ಲಿ ಬೇಡವಾಯಿತು. ಅಪ್ಪ ಕೈಯಾರೆ ಮಾಡಿದ ಬೋರ್ಡು: ಪಿನ್ನು ಕಿತ್ತು, ಅರ್ಧ ಸುತ್ತು ತಿರುಗಿಸಿ, ಮತ್ತೆ ಪಿನ್ನು ಹಾಕಿದರೆ ಬಾಣ ಕೆಳದಾರಿಯಿಂದ ಮೇಲ್ದಾರಿಗೆ. ಗಾಳಿಗೆ ಪಿನ್ನು ಜಾರದ ಹಾಗೆ ಹಳೇ ಟ್ಯೂಬಿನ ಪಟ್ಟಿ ಕಟ್ಟುತ್ತಿದ್ದೆವು. ತಿರುಗಿಸಿದವರು ಹಳೆಯ ಪಟ್ಟಿ ಕತ್ತರಿಸಿ ಹೊಸದನ್ನು ಕಟ್ಟಬೇಕು, ಬಂದು ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ. "ಮಾಡಿದ ಕೆಲಸಾನ ಕೈ ಹೇಳ್ಬೇಕು, ಬಾಯಲ್ಲ" ಎನ್ನುತ್ತಿದ್ದರು ಅಪ್ಪ. ನನ್ನ ಎಡಗೈಯ ಉಲ್ಟಾ ಗಂಟನ್ನು ಬಿಚ್ಚಲಾಗದೆ ನೀವಿಬ್ಬರೂ ಬೈದುಕೊಂಡ ಮೇಲೇ ಕತ್ತರಿಸುವ ರೂಢಿ ಬಂದದ್ದು. ಬೋರ್ಡನ್ನು ಕೀಳುವಾಗ ಸಾಹೇಬರು, "ಆವತ್ತಿಂದ ಯಾರೂ ಮುಟ್ಟಿಲ್ಲ ನೋಡಮ್ಮ, ಹೆಂಗಿತ್ತೋ ಹಂಗೇ ಇದೆ" ಎಂದರು. ಸುಮ್ಮನೆ ಅಂದ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ನನ್ನ ಕೈ ಪಿನ್ನಿನ ಪಟ್ಟಿಯನ್ನು ಮುಚ್ಚಿಕೊಂಡಿತು.

ಮತ್ತೆ ಅದೇ ಪುರಾಣವಾ ಎಂದು ಕಾಗದ ಹರಿಯಬೇಡ. ನಾವಿಬ್ಬರೂ ಆ ದಿನದ ಬಗ್ಗೆ ಒಂದು ಸಲವೂ ಕೂತು ಮಾತಾಡಲಿಲ್ಲ. ಆಗ ನಾವು ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ನಿನ್ನನ್ನು ಕೇಳದೆ ನಿನ್ನ ಸೈಕಲ್ಲನ್ನು ಬಾಡಿಗೆಗೆ ಕೊಟ್ಟೆ, ಆ ದಪ್ಪ ಮನುಷ್ಯ ಮುಂದಿನ ಚಕ್ರ ಸೊಟ್ಟ ಮಾಡಿ ತಂದ. ಅಷ್ಟಕ್ಕೇ ಕತ್ತೆ ವಯಸ್ಸಾದ ನಾವಿಬ್ಬರೂ ಸಣ್ಣ ಮಕ್ಕಳ ಹಾಗೆ ಟೂ ಬಿಟ್ಟುಕೊಂಡಿದ್ದೆವು. ಹಿಂದಿನ ಸಂಜೆ ಅಪ್ಪ ನಮ್ಮಿಬ್ಬರ ಎದುರಿಗೇ, "ನೀರು ಏರ್ತಿದೆ, ಬೋರ್ಡು ತಿರುಗಿಸಿ" ಎಂದರು. ನೀನು ನನ್ನ ಮುಖ ನೋಡಲಿಲ್ಲ, ನಾನು ನಿನ್ನ ಮುಖ ನೋಡಲಿಲ್ಲ. ಮರುದಿನ ಸವಾರಿಗೆ ಬಂದಿದ್ದ ಆ ಮೇಷ್ಟ್ರೂ ಅವರ ಹೆಂಡತಿಯೂ ಮುಂದೆ ಹೊರಟರು. ಅಪ್ಪ ಯಾರದೋ ಬ್ರೇಕು ಸರಿಮಾಡಿಕೊಟ್ಟು ಹತ್ತು ನಿಮಿಷ ತಡವಾಗಿ ಹೋದರು. ಕವಲಿಗೆ ಬಂದರೆ ಬಾಣ ಕೆಳದಾರಿಯನ್ನೇ ತೋರಿಸುತ್ತಿತ್ತು, ಟೈರಿನ ಗುರುತೂ ಕೆಳಕ್ಕೇ ಹೋಗಿತ್ತು. ಕೂಗುತ್ತಾ ಅವರ ಹಿಂದೆ ಹೋದರು. ಅವರಿಬ್ಬರೂ ಇಳಿದು ದಡ ಹತ್ತಿಕೊಂಡರು. ಅಪ್ಪ ನಿಂತ ಜಾಗದ ಮಣ್ಣು ಸೈಕಲ್ ಸಮೇತ ಕುಸಿಯಿತು.

ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಬಿಟ್ಟು ಕೇಳಿದ್ದು ಒಂದೇ, ಬೋರ್ಡು ಯಾಕೆ ತಿರುಗಿಸಲಿಲ್ಲ ಎಂದು. ನೀನು, "ನಿನ್ನೆ ಸಂಜೆನೇ ತಿರುಗಿಸಿದ್ದೆ ಅಪ್ಪಾ" ಎಂದೆ. "ತಿರುಗಿಸಿದ್ರೆ ನಾನ್ಯಾಕೆ ಹಿಂಗೆ ಬಿದ್ದಿರ್ತಿದ್ದೆ? ಸೋಮಾರಿತನಾನಾದ್ರೂ ಕ್ಷಮಿಸ್ತೀನಿ, ಸುಳ್ಳನ್ನ ಕ್ಷಮಿಸಲ್ಲ" ಎಂದು ಗೋಡೆಯ ಕಡೆ ತಿರುಗಿಕೊಂಡರು. ಆಮೇಲೆ ವರಾಂಡದಲ್ಲಿ ನೀನು ನಾಲ್ಕು ದಿನದ ಟೂ ಮುರಿದು ನನ್ನನ್ನು ಕೇಳಿದೆ: "ಅಕ್ಕಾ, ನಾನು ತಿರುಗಿಸಿದ್ದೆ ಅಲ್ವಾ? ಹೋಗಿದ್ದು ನೆನಪಿದೆ, ಪಿನ್ನು ತಣ್ಣಗಿದ್ದದ್ದು ನೆನಪಿದೆ. ಆದ್ರೂ ನನಗೇ ಈಗ ಅನುಮಾನ." ನಾನು ನೆಲ ನೋಡುತ್ತಾ, "ಹೋಗಿ ಟೀ ಕುಡ್ಕೊಂಡು ಬಾ" ಎಂದೆ. ಕುಡಿದು ಬರಲು ಹೋದವನು ಮತ್ತೆ ಬರಲಿಲ್ಲ. ಈ ಎರಡು ವರ್ಷದಲ್ಲಿ ನನ್ನ ಬಾಯಿಂದ ಬಂದ ಮಾತುಗಳಲ್ಲಿ ಅದರಷ್ಟು ನೀಚ ಮಾತು ಇನ್ನೊಂದಿಲ್ಲ.

ಬೋರ್ಡು ಈಗ ಮನೆಯಲ್ಲಿದೆ. ಅಪ್ಪ ಅದನ್ನು ತಮ್ಮ ಕಿಟಕಿಯ ಮೇಲೆ ಮೊಳೆ ಹೊಡೆದು ಹಾಕಲು ಹೇಳಿದ್ದಾರೆ. ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ. ನಿನ್ನೆ ತಂದಾಗಿನಿಂದ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಣ್ಣ ಹೋದ ಕಡೆ ಬೆರಳಾಡಿಸುತ್ತಾ ಕೂತಿದ್ದರು. ಸಂಜೆ ತಮಗೆ ತಾವೇ, "ಹುಡುಗ ಚಳೀಲಿ ಹೋಗ್ಲಿಲ್ಲ ಅಷ್ಟೇ. ಹಾಗಂತ ಅಂದಿದ್ರೆ ಸಾಕಾಗ್ತಿತ್ತು" ಎಂದರು. ಎರಡು ವರ್ಷದ ಮೇಲೆ ನಿನ್ನ ಬಗ್ಗೆ ಆಡಿದ ಮೊದಲನೇ ಮಾತು. ಕ್ಷಮಿಸುವುದಕ್ಕೆ ಶುರು ಮಾಡಿದ್ದಾರೆ ತಮ್ಮಾ, ನೀನು ಮಾಡದ ತಪ್ಪನ್ನು. ಅದನ್ನು ಕೇಳಿಸಿಕೊಂಡು ನಾನು ಊಟ ಬಿಟ್ಟು ಎದ್ದೆ.

ಹೊತ್ತಿಗೆ ಸರಿಯಾಗಿ ತಿನ್ನು. ಮಂಡಿಗೆ ಬಟ್ಟೆ ಸುತ್ತಿಕೊಂಡು ಮಲಗು. ಗಡ್ಡ ತೆಗೆಸು, ನಿನಗೆ ಅದು ಒಪ್ಪುವುದಿಲ್ಲ, ನೋಡದೆಯೇ ಹೇಳುತ್ತೇನೆ. ನೀನು ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ, ನನ್ನ ಪಾಲಿನದೂ ಸೇರಿ ಆಗಲಿ.

ನಿನ್ನ
ಎಡಚಿ ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬಾರದ್ದು. ಟಪ್ಪಾಲು ಒಯ್ಯುವ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿದೆ. ಲಕೋಟೆಯಲ್ಲಿರುವ ಕಪ್ಪು ಪಟ್ಟಿಯನ್ನು ನೋಡು. ಬೋರ್ಡಿನ ಪಿನ್ನಿಗೆ ಎರಡು ವರ್ಷದಿಂದ ಕಟ್ಟಿಕೊಂಡಿದ್ದದ್ದು ಇದೇ. ಅಪ್ಪನ ಬೆರಳಿಗೆ ಸಿಗುವ ಮೊದಲೇ, ನಿನ್ನೆ ದಾರಿಯಲ್ಲಿ, ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ನೋಡು, ಇನ್ನೂ ಎಂಥವಳು ನಿನ್ನ ಅಕ್ಕ. ಗಂಟನ್ನು ಕತ್ತರಿಸಿಲ್ಲ, ತಿರುಗಿಸಿ ನೋಡು, ಎಡಗೈ ಗಂಟು. ಆ ಬೆಳಿಗ್ಗೆ ಇನ್ನೂ ಬೆಳಕು ಹರಿಯುವ ಮುಂಚೆ ಮಂಜಿನಲ್ಲಿ ಹೋಗಿ ನಾನೂ ಬೋರ್ಡನ್ನು ತಿರುಗಿಸಿದೆ. ನೀನು ಹೋಗಿರಲಾರೆ, ನನ್ನ ಮೇಲಿನ ಸಿಟ್ಟಿಗೆ ಮಲಗಿರುತ್ತೀಯ ಎಂದುಕೊಂಡೆ. ಬಾಣ ಯಾವ ಕಡೆಗಿದೆ ಎಂದು ನೋಡಲೂ ಇಲ್ಲ. ಪಿನ್ನು ಕಿತ್ತೆ, ಅರ್ಧ ಸುತ್ತು, ಪಿನ್ನು ಹಾಕಿದೆ, ಯಾವಾಗಿನದೆಂದೂ ನೋಡದೆ ನಿನ್ನ ಪಟ್ಟಿಯನ್ನು ಕತ್ತರಿಸಿ ನನ್ನದನ್ನು ಕಟ್ಟಿ ಬಂದೆ. ನೀನು ಮೇಲಕ್ಕೆ ತಿರುಗಿಸಿದ್ದ ಬಾಣ ಮತ್ತೆ ಕೆಳಕ್ಕೆ ತಿರುಗಿತ್ತು. ನಿನ್ನೊಡನೆ ಒಂದು ಮಾತು ಆಡಿದ್ದರೆ ಸಾಕಿತ್ತು. ಆಸ್ಪತ್ರೆಯಲ್ಲಿ ನೀನು ಬಾಯಿ ತೆಗೆದ ಕ್ಷಣವೇ ನನಗೆ ಗೊತ್ತಾಯಿತು. ಹೆದರಿದೆ, ಅಷ್ಟೇ, ಬೇರೆ ಕಾರಣವಿಲ್ಲ. ಬಸ್ಸಿಗೆ ಈ ಕಾಗದ ಕೊಟ್ಟು ಒಳಗೆ ಹೋಗಿ ಅಪ್ಪನಿಗೆ ಹೇಳುತ್ತೇನೆ. ಮೊದಲು ಕೊಡುತ್ತೇನೆ, ಆಮೇಲೆ ನನಗೆ ಹಿಂದೆ ಸರಿಯಲು ಆಗಬಾರದು. ನೀನು ಬರುತ್ತೀಯೋ ಬಿಡುತ್ತೀಯೋ, ನನ್ನ ಮುಖ ನೋಡುತ್ತೀಯೋ ಇಲ್ಲವೋ, ಇವತ್ತು ಸೈಕಲ್ ಹತ್ತು. ನಿನಗೆ ನೆನಪಿರುವುದೆಲ್ಲ ನಿಜ ಕಣೋ. ನೀನು ತಿರುಗಿಸಿದ್ದೆ.